ಹಣ್ಣು ತಿಂದವರು, ಸಿಪ್ಪೆ ತಿಂದವರು

‘ಒಂದು ಮರ ಕಡಿದರೆ ಹತ್ತು ಸಸಿ ನೆಡುತ್ತೇವೆ’ ಎಂಬ ಆಶ್ವಾಸನೆಯನ್ನು ಕೇಳದವರು ಈ ದೇಶದಲ್ಲಿ ಇರಲಾರರು. ಮುಂಬಯಿಯ ಆರೆಯಲ್ಲಿ ಮೆಟ್ರೋ ಕಾರ್‌ಶೆಡ್ಡಿನ ವಿವಾದ ಎದ್ದಾಗ, ಹೆದ್ದಾರಿಗಳ ಅಗಲೀಕರಣಕ್ಕೆ ಸಾಲುಮರಗಳು ಉರುಳುವಾಗ, ದಶಕಗಳಿಂದ ಚರ್ಚೆಯಲ್ಲಿರುವ ಹುಬ್ಬಳ್ಳಿ–ಅಂಕೋಲಾ ರೈಲುಮಾರ್ಗದ ಮಾತು ಬಂದಾಗಲೆಲ್ಲ ಈ ವಾಕ್ಯ ಶಾಂತಿಮಂತ್ರದಂತೆ ಪಠನಗೊಳ್ಳುತ್ತದೆ. ಕೇಳಿದೊಡನೆ ಸಭೆ ಸಮಾಧಾನ ಹೊಂದುತ್ತದೆ. ಒಂದಕ್ಕೆ ಹತ್ತು ಬರುವುದಾದರೆ ಅದು ಲಾಭವೇ ಅಲ್ಲವೆ, ಇದಕ್ಕೂ ಅಡ್ಡಿಮಾಡುವವರು ಅಭಿವೃದ್ಧಿಯ ವೈರಿಗಳೇ ಇರಬೇಕು ಎಂದು ಸಭ್ಯರೂ ತಲೆದೂಗುತ್ತಾರೆ.

ಈ ಲೆಕ್ಕ ಸುಳ್ಳು ಎಂಬುದು ನಮ್ಮ ವಾದ. ಗೊತ್ತಿಲ್ಲದೆ ಆದ ಸುಳ್ಳೂ ಇದಲ್ಲ, ಗೊತ್ತಿದ್ದೂ ಅನುಕೂಲಕ್ಕೆ ಉಳಿಸಿಕೊಂಡದ್ದು. ಕಾಡು ಎಂದರೆ ಮರಗಳ ಮೊತ್ತ ಎಂದು ಮೊದಲೇ ಒಪ್ಪಿಕೊಂಡರೆ ಮಾತ್ರ ಈ ಕೂಡುವಿಕೆ ಕಳೆಯುವಿಕೆಗೆ ಅರ್ಥ ಬರುತ್ತದೆ. ಆದರೆ ಪಶ್ಚಿಮಘಟ್ಟದ ಕಾನುಗಳಾಗಲಿ, ಈಶಾನ್ಯದ ಮಳೆಕಾಡುಗಳಾಗಲಿ, ನಿಕೋಬಾರಿನ ದ್ವೀಪಾರಣ್ಯಗಳಾಗಲಿ ಯಾರೋ ನೆಟ್ಟು ನೀರೆರೆದು ಬೆಳೆದವುಗಳಲ್ಲ. ಅವನ್ನು ಬಿತ್ತಿದವರು ಹಣ್ಣು ತಿಂದವರು. ಉಷ್ಣವಲಯದ ಮಳೆಕಾಡುಗಳ ಮರಗಿಡಗಳಲ್ಲಿ ನೂರಕ್ಕೆ 70ರಿಂದ 90ರಷ್ಟು ಜಾತಿಗಳು ಬೀಜಪ್ರಸಾರಕ್ಕೆ ಹಕ್ಕಿ, ಬಾವಲಿ, ಕೋತಿ, ಕಬ್ಬೆಕ್ಕು, ಕಡವೆ, ಆನೆ ಮುಂತಾದ ಪ್ರಾಣಿಗಳನ್ನೇ ನಂಬಿವೆ. ಈ ಬಿತ್ತುವವರ ಹಾಜರಿ ಪುಸ್ತಕ ಯಾವ ಸರ್ಕಾರಿ ಕಡತದಲ್ಲಿಯೂ ಇಲ್ಲ. ನಮ್ಮ ತಕರಾರು ಅಲ್ಲಿಂದಲೇ ಆರಂಭವಾಗುತ್ತದೆ.

ಮರಕ್ಕೆ ಕಾಲಿಲ್ಲ. ತನ್ನ ಸಂತತಿಯನ್ನು ದೂರಕ್ಕೆ ಕಳುಹಿಸಲು ಅದು ಕೂಲಿ ಕೊಟ್ಟು ಆಳನ್ನು ಹಿಡಿಯಬೇಕು. ಹಣ್ಣಿನ ತಿರುಳು ಆ ಕೂಲಿ. ಬೀಜ ಬಲಿಯುವವರೆಗೆ ಕಾಯಿ ಹಸಿರಾಗಿ, ಒಗರಾಗಿ, ಕಣ್ಣಿಗೆ ಬೀಳದಂತೆ ಇರುತ್ತದೆ. ಬಲಿತ ಮೇಲೆ ಬಣ್ಣ, ಪರಿಮಳ, ಸಿಹಿ ಎಲ್ಲವೂ ಒಟ್ಟಿಗೆ ಬರುತ್ತವೆ. ಹಗಲಿನ ಹಕ್ಕಿಗೆ ಕೆಂಪು ಕಪ್ಪು ಬಣ್ಣದ ಕರೆ, ಇರುಳಿನ ಬಾವಲಿಗೆ ಗಾಢವಾದ ವಾಸನೆಯ ಕರೆ. ಉಂಡವನು ಬೀಜವನ್ನು ಉಗುಳಿಯೋ, ಕಕ್ಕಿಯೋ, ಹಿಕ್ಕೆಯಲ್ಲಿ ಹಾಕಿಯೋ ಎಲ್ಲಿಯಾದರೂ ಬಿಟ್ಟುಹೋಗುತ್ತಾನೆ. ನಾವು ‘ಕದ್ದು ತಿಂದಿತು’ ಎನ್ನುವ ಕ್ರಿಯೆ ಮರದ ಕಡೆಯಿಂದ ನೋಡಿದರೆ ಒಪ್ಪಂದದ ಪಾಲನೆ.

ದೂರಕ್ಕೆ ಹೋಗಲೇಬೇಕಾದ ಅಗತ್ಯವೇನು? ತಾಯಿಮರದ ಬುಡದಲ್ಲಿ ನೆರಳಿದೆ, ತರಗೆಲೆಯ ಗೊಬ್ಬರವಿದೆ, ಅಲ್ಲಿಯೇ ಬಿದ್ದು ಬೆಳೆದರಾಗದೆ? 1970ರಲ್ಲಿ ಡೇನಿಯಲ್ ಜಾನ್ಜೆನ್, 1971ರಲ್ಲಿ ಜೋಸೆಫ್ ಕಾನಲ್ ಎಂಬ ವಿಜ್ಞಾನಿಗಳು ಬೇರೆ ಬೇರೆಯಾಗಿ ಈ ಪ್ರಶ್ನೆಗೆ ಒಂದೇ ಬಗೆಯ ಉತ್ತರ ಕೊಟ್ಟರು. ಒಂದು ಜಾತಿಯ ಮರವನ್ನು ಕಾಡುವ ಕೀಟ, ಶಿಲೀಂಧ್ರ, ಬೀಜ ಕೊರೆಯುವ ಹುಳುಗಳು ಆ ಮರದ ಸುತ್ತಲೇ ಬೀಡುಬಿಟ್ಟಿರುತ್ತವೆ. ರಾಶಿಯಾಗಿ ಬಿದ್ದ ಬೀಜಗಳು ಅವುಗಳಿಗೆ ಔತಣವಾಗುತ್ತವೆ. ತಾಯಿಯಿಂದ ದೂರ ಸಿಡಿದ ಬೀಜಕ್ಕೆ ಬದುಕುವ ಅವಕಾಶ ಹೆಚ್ಚು. ಮಳೆಕಾಡಿನ ಒಂದು ಎಕರೆಯಲ್ಲಿ ಒಂದೇ ಜಾತಿಯ ಹತ್ತು ಮರ ಸಿಗದೆ ಹತ್ತು ಜಾತಿಯ ಒಂದೊಂದು ಮರ ಸಿಗುವುದಕ್ಕೆ ಇದೊಂದು ಮುಖ್ಯ ವಿವರಣೆ. ವೈವಿಧ್ಯ ಎಂದು ನಾವು ಭಾಷಣಗಳಲ್ಲಿ ಹೊಗಳುವ ಗುಣದ ಹಿಂದೆ ಹೀಗೆ ಹೊತ್ತೊಯ್ಯುವವರ ದುಡಿಮೆಯಿದೆ.

ಈ ದುಡಿಮೆಗಾರರಲ್ಲಿ ಹಿರಿಯ ಮಂಗಟ್ಟೆ. ಭಾರತದಲ್ಲಿರುವ ಒಂಬತ್ತು ಜಾತಿಯ ಮಂಗಟ್ಟೆಗಳಲ್ಲಿ ನಾಲ್ಕು ಪಶ್ಚಿಮಘಟ್ಟದ ಸೀಮೆಯಲ್ಲಿವೆ. ಹೆಣ್ಣು ಹಳೆಯ ಮರದ ಪೊಟರೆಯೊಳಗೆ ಸೇರಿ ಬಾಗಿಲನ್ನು ಮೆತ್ತಿಕೊಂಡು ಒಂದು ಸೀಳಿನಷ್ಟು ಮಾತ್ರ ತೆರೆದಿಡುತ್ತದೆ. ಮೂರು ನಾಲ್ಕು ತಿಂಗಳ ಕಾಲ ಗಂಡು ಆ ಸೀಳಿನ ಮೂಲಕ ಹಣ್ಣುಗಳನ್ನು ಒಂದೊಂದಾಗಿ ಉಣಿಸುತ್ತದೆ. ಅತ್ತಿ, ಆಲ, ಬಸರಿಗಳಂಥ ಸಣ್ಣ ಬೀಜದ ಹಣ್ಣುಗಳ ಜತೆಗೆ ರಾಮಪತ್ರೆಯ ಜಾತಿಯ ದಪ್ಪ ಬೀಜಗಳನ್ನೂ ಅದು ನುಂಗಬಲ್ಲದು. ಮೇಲಿನ ಕೆಂಪು ಪತ್ರೆಯನ್ನು ಅರಗಿಸಿಕೊಂಡು ಬೀಜವನ್ನು ಗಾಯವಿಲ್ಲದೆ ಕಕ್ಕುತ್ತದೆ, ಅಷ್ಟರಲ್ಲಿ ಎಲ್ಲಿಂದ ಎಲ್ಲಿಗೋ ಹಾರಿಹೋಗಿರುತ್ತದೆ. ಪಿಕಳಾರದ ಪುಟ್ಟ ಬಾಯಿಗೆ ಆ ಬೀಜ ಹಿಡಿಸುವುದಿಲ್ಲ. ಕಾಳಿ ನದಿಯ ತೀರದ ದಾಂಡೇಲಿಯಲ್ಲಿ 2011ರಲ್ಲಿ ಮಂಗಟ್ಟೆಗಳ ಸಂರಕ್ಷಣಾ ಮೀಸಲು ಘೋಷಣೆಯಾಯಿತು. ಅದೇ ಊರಿನ ಮರದ ಡಿಪೋ ಇಂದು ಕಪ್ಪು ಬಿಳುಪಿನ ಮಂಗಟ್ಟೆಗಳನ್ನು ನೋಡಬಯಸುವ ಪ್ರವಾಸಿಗರ ತಾಣ. ಕಡಿದ ಮರದ ದಿಮ್ಮಿಗಳ ನಡುವೆ ನಿಂತು ಮರ ಬಿತ್ತುವವರನ್ನು ದುರ್ಬೀನಿನಲ್ಲಿ ನೋಡುವ ಸೌಭಾಗ್ಯ ನಮ್ಮ ಕಾಲಕ್ಕೆ ಒದಗಿದೆ.

ಮಂಗಟ್ಟೆ ಒಂಟಿಯಲ್ಲ. ಶರಾವತಿ, ಅಘನಾಶಿನಿ ಕೊಳ್ಳಗಳ ಸಿಂಗಳೀಕ ಹಣ್ಣನ್ನು ಕೆನ್ನೆಯ ಚೀಲದಲ್ಲಿ ತುಂಬಿಕೊಂಡು ಮರದಿಂದ ಮರಕ್ಕೆ ಸಾಗಿ, ನಿಧಾನವಾಗಿ ತಿಂದು ಬೀಜ ಉಗುಳುತ್ತದೆ. ಕಬ್ಬೆಕ್ಕು ರಾತ್ರಿಯೆಲ್ಲ ಬೈನೆಯ ಹಣ್ಣು ಮೆದ್ದು ದಾರಿಯ ಬಂಡೆಗಳ ಮೇಲೆ ಬೀಜದ ಹಿಕ್ಕೆ ಬಿಟ್ಟುಹೋಗುತ್ತದೆ. ಕಕ್ಕೆಯ ಬೀಜವನ್ನು ಕರಡಿ ಸಾಗಿಸುತ್ತದೆ. ಬೆಟ್ಟದ ನೆಲ್ಲಿಯನ್ನು ನುಂಗಿದ ಜಿಂಕೆ ಕಡವೆಗಳು ಮೆಲುಕು ಹಾಕುವಾಗ ಅದರ ಗಟ್ಟಿ ಬೀಜವನ್ನು ಉಗುಳುತ್ತವೆ. ಆನೆಯ ಹೊಟ್ಟೆ ಸೇರಿದ ಬೀಜ ಹಲವು ಕಿಲೋಮೀಟರ್ ಪಯಣಿಸಿ ಗೊಬ್ಬರದ ಮುದ್ದೆಯೊಂದಿಗೇ ನೆಲಕ್ಕಿಳಿಯುತ್ತದೆ. ಹಕ್ಕಿ ಸಾಮಾನ್ಯವಾಗಿ ಕೊಂಬೆಯ ಮೇಲೆ ಕುಳಿತು ಹಿಕ್ಕೆ ಹಾಕಿದರೆ ಬಾವಲಿ ಹಾರುತ್ತಲೇ ಹಾಕುತ್ತದೆ. ಮರವೇ ಇಲ್ಲದ ಬಯಲಿಗೆ ಬೀಜದ ಮಳೆ ಸುರಿಸಬಲ್ಲವರಲ್ಲಿ ಬಾವಲಿ ಮುಖ್ಯವಾದದ್ದು. ಒಬ್ಬೊಬ್ಬರದು ಒಂದೊಂದು ಗಾತ್ರದ ಬಾಯಿ, ಒಂದೊಂದು ಹೊತ್ತು, ಒಂದೊಂದು ದೂರ. ಒಬ್ಬರ ಕೆಲಸವನ್ನು ಇನ್ನೊಬ್ಬರು ಪೂರ್ತಿಯಾಗಿ ಮಾಡಲಾರರು.

ಈ ಗುಂಪಿನಿಂದ ದೊಡ್ಡ ಬಾಯಿಯವರು ಮೊದಲು ಕಣ್ಮರೆಯಾಗುತ್ತಾರೆ. ಬೇಟೆಗೆ ಗುರಿಯಾಗುವವರೂ ಅವರೇ, ವಿಶಾಲವಾದ ಅಖಂಡ ಕಾಡು ಬೇಕಾದವರೂ ಅವರೇ. ಅವರು ಹೋದ ಮೇಲೆ ಏನಾಗುತ್ತದೆ ಎಂಬುದು ಊಹೆಯ ಮಾತಲ್ಲ. ಬ್ರೆಜಿಲಿನ ಅಟ್ಲಾಂಟಿಕ್ ಕಾಡಿನಲ್ಲಿ ಟೂಕಾನ್‌ನಂಥ ದೊಡ್ಡ ಕೊಕ್ಕಿನ ಹಕ್ಕಿಗಳು ಅಳಿದ ಕಡೆ ಒಂದು ಜಾತಿಯ ತಾಳೆಯ ಬೀಜವೇ ಚಿಕ್ಕದಾಗಿದೆ ಎಂದು 2013ರ ಅಧ್ಯಯನವೊಂದು ತೋರಿಸಿತು. ಈ ಬದಲಾವಣೆಗೆ ಬೇಕಾದದ್ದು ಸುಮಾರು ಒಂದು ಶತಮಾನ, ಮರಗಳ ಆಯುಷ್ಯದಲ್ಲಿ ಕೆಲವೇ ತಲೆಮಾರು. ಚಿಕ್ಕ ಬೀಜ ಬೇಗ ಒಣಗುತ್ತದೆ, ಅದರ ಮೊಳಕೆಯೂ ದುರ್ಬಲ. ಅದೇ ಕಾಡನ್ನು ಕುರಿತ 2015ರ ಇನ್ನೊಂದು ಅಧ್ಯಯನ ಹೇಳಿದ್ದು ಇನ್ನೂ ನೇರವಾದ ಮಾತು: ದಪ್ಪ ಬೀಜದ ಮರಗಳೇ ಬಹುಮಟ್ಟಿಗೆ ಗಟ್ಟಿ ದಾರುವಿನ, ಹೆಚ್ಚು ಇಂಗಾಲ ಹಿಡಿದಿಡುವ ಮರಗಳು, ಅವುಗಳ ಬೀಜ ಹೊರುವವರು ಇಲ್ಲವಾದರೆ ಕಾಡು ಹಸಿರಾಗಿಯೇ ಕಂಡರೂ ಅದರ ಇಂಗಾಲದ ಕಣಜ ಬರಿದಾಗುತ್ತ ಹೋಗುತ್ತದೆ. ಹವಾಮಾನ ಬದಲಾದಂತೆ ಸಸ್ಯಗಳೂ ತಮಗೆ ಒಗ್ಗುವ ತಾಣಗಳಿಗೆ ಸರಿಯಬೇಕಷ್ಟೆ? ಹಕ್ಕಿ ಮತ್ತು ಸಸ್ತನಿಗಳು ಕಡಿಮೆಯಾದದ್ದರಿಂದ, ಅವುಗಳನ್ನು ನಂಬಿದ ಸಸ್ಯಗಳ ಹೀಗೆ ಸರಿಯುವ ಸಾಮರ್ಥ್ಯ ಜಗತ್ತಿನಾದ್ಯಂತ ಈಗಾಗಲೇ ಶೇ. 60ರಷ್ಟು ಕುಗ್ಗಿದೆ ಎಂದು 2022ರಲ್ಲಿ ಪ್ರಕಟವಾದ ಸಂಶೋಧನೆ ಅಂದಾಜು ಮಾಡಿತು.

ಮರ ನಿಂತಿದ್ದು ಪ್ರಾಣಿಗಳು ಇಲ್ಲವಾದ ಅರಣ್ಯವನ್ನು ಕೆಂಟ್ ರೆಡ್‌ಫರ್ಡ್ ಎಂಬ ವಿಜ್ಞಾನಿ 1992ರಲ್ಲಿಯೇ ಬರಿದಾದ ಕಾಡು ಎಂದು ಕರೆದು ಎಚ್ಚರಿಸಿದ್ದರು. ಅಂಥ ಕಾಡು ಉಪಗ್ರಹದ ಚಿತ್ರದಲ್ಲಿ ತುಂಬಿಯೇ ಕಾಣುತ್ತದೆ. ಮಕ್ಕಳಿಲ್ಲದೆ ಮುದುಕರಷ್ಟೇ ಉಳಿದ ಊರಿನಂತೆ ಅದು ಇಂದಿಗೆ ಇದೆ, ಮುಂದಕ್ಕೆ ಇಲ್ಲ.

ಇನ್ನು ನಮ್ಮ ಸರ್ಕಾರಿ ಲೆಕ್ಕಕ್ಕೆ ಬರೋಣ. ಭಾರತದ ಅರಣ್ಯ ಸ್ಥಿತಿಗತಿ ವರದಿಗೆ 1 ಹೆಕ್ಟೇರಿಗೆ ಕಡಿಮೆಯಿಲ್ಲದ ಜಾಗದಲ್ಲಿ ಶೇ. 10ರಷ್ಟು ನೆಲದ ಮೇಲೆ ಮರದ ಮೇಲಾವರಣವಿದ್ದರೆ ಅದು ‘ಅರಣ್ಯ ಹೊದಿಕೆ’. ಮರ ಯಾವ ಜಾತಿಯದು, ನೆಲ ಯಾರದು ಎಂಬ ಪ್ರಶ್ನೆಯಿಲ್ಲ. ನೀಲಗಿರಿ ತೋಪೂ ಅರಣ್ಯ, ಮಾವಿನ ತೋಟವೂ ಅರಣ್ಯ, ಸಾವಿರ ವರ್ಷದ ಕಾನೂ ಅರಣ್ಯ. ಇದರ ಮೇಲೆ ಪರಿಹಾರಾತ್ಮಕ ಅರಣ್ಯೀಕರಣದ ಕಟ್ಟಡ ನಿಂತಿದೆ. ಕಾಡು ಕಳೆದವರು ಹಣ ಕಟ್ಟಬೇಕು, ಆ ಹಣದಿಂದ ಬೇರೆಡೆ ಸಸಿ ನೆಡಬೇಕು ಎಂಬುದು 2016ರ ಕಾಯಿದೆಯ ತಿರುಳು. ಹೀಗೆ ಕೂಡಿದ ನಿಧಿಯಿಂದ 2019ರ ಆಗಸ್ಟಿನಲ್ಲಿ ರಾಜ್ಯಗಳಿಗೆ ಒಮ್ಮೆಗೇ ಹಂಚಿದ ಮೊತ್ತ 47 ಸಾವಿರ ಕೋಟಿ ರೂಪಾಯಿಗೂ ಹೆಚ್ಚು. ಅಷ್ಟು ದುಡ್ಡಿನ ಹಿಂದೆ ಎಷ್ಟು ಕಾಡು ಹೋಗಿರಬೇಕು ಎಂದು ಯೋಚಿಸುವ ಬದಲು ಮೊತ್ತ ದೊಡ್ಡದೆಂದು ಹಿಗ್ಗಿದವರೇ ಹೆಚ್ಚು. 2024ರ ಫೆಬ್ರುವರಿಯಲ್ಲಿ ಹಸಿರು ಸಾಲದ ಯೋಜನೆಗೆ ಕೇಂದ್ರ ಪ್ರಕಟಿಸಿದ ವಿಧಾನವಂತೂ ಮರಕ್ಕೊಂದು ಅಂಕ, ಹೆಕ್ಟೇರಿಗೆ ಕನಿಷ್ಠ 1,100 ಮರ ಎಂದು ಗೆರೆ ಎಳೆಯಿತು. ಕಾಡನ್ನು ಎಣಿಸುವ ಬುದ್ಧಿ ಕಬ್ಬಿನ ಗದ್ದೆಯನ್ನು ಎಣಿಸುವ ಬುದ್ಧಿಗಿಂತ ಬೇರೆಯಾಗಿಲ್ಲ.

ಈ ಬುದ್ಧಿ ಎಲ್ಲಿಗೆ ಮುಟ್ಟಬಹುದು ಎಂಬುದಕ್ಕೆ ಗ್ರೇಟ್ ನಿಕೋಬಾರ್ ಸಾಕ್ಷಿ. ಬಂದರು, ವಿಮಾನ ನಿಲ್ದಾಣ, ಪಟ್ಟಣಗಳ ಯೋಜನೆಗಾಗಿ ಆ ದ್ವೀಪದಲ್ಲಿ ಸುಮಾರು 130 ಚದರ ಕಿಲೋಮೀಟರ್ ಮಳೆಕಾಡನ್ನು ಬಿಟ್ಟುಕೊಡುವ ತೀರ್ಮಾನವಾಯಿತು. ಅದಕ್ಕೆ ಬದಲಾಗಿ ಸಸಿ ನೆಡಲು ಸೂಚಿಸಿದ್ದು ಹರಿಯಾಣದಲ್ಲಿ! ಸಮುದ್ರ ದಾಟಿ ಎರಡು ಸಾವಿರ ಕಿಲೋಮೀಟರಿಗೂ ಆಚೆಯ ಒಣನಾಡು ಆ ದ್ವೀಪದ ದೊಡ್ಡ ಪಾರಿವಾಳಗಳಿಗೆ, ಉದ್ದ ಬಾಲದ ಕೋತಿಗಳಿಗೆ, ಹಣ್ಣುಬಾವಲಿಗಳಿಗೆ ಪರಿಹಾರವಂತೆ. ದೆಹಲಿ ಗುರುಗ್ರಾಮಗಳಲ್ಲಿ ನೆಲೆಸಿದ ನಮ್ಮ ಓದುಗರು ಹರಿಯಾಣದ ಹಳ್ಳಿಗಳನ್ನು ಬಲ್ಲರು. ಅಲ್ಲಿ ಮರ ಬೇಕು, ನಿಜ. ಅಲ್ಲಿಗೆ ಒಗ್ಗುವ ಮರ ಅಲ್ಲಿನ ಜನರಿಗಾಗಿ ಬೇಕು. ಆದರೆ ಅದನ್ನು ನಿಕೋಬಾರಿನ ಮಳೆಕಾಡಿನ ಬದಲಿ ಎಂದು ಕರೆಯುವುದು ಲೆಕ್ಕವನ್ನೇ ಅಣಕಿಸಿದಂತೆ.

ನಮ್ಮ ತವರಿನ ಮಾತೂ ಇದಕ್ಕಿಂತ ಬಹಳ ಬೇರೆಯಲ್ಲ. 2019ರಲ್ಲಿ ಶರಾವತಿ ಕೊಳ್ಳದ ಅಭಯಾರಣ್ಯವನ್ನು ವಿಸ್ತರಿಸಿ, 900ಕ್ಕೂ ಹೆಚ್ಚು ಚದರ ಕಿಲೋಮೀಟರನ್ನು ಸಿಂಗಳೀಕದ ಹೆಸರಿನಲ್ಲಿಯೇ ಅಭಯಾರಣ್ಯವೆಂದು ಸಾರಿದ ರಾಜ್ಯವೇ, ಅದೇ ಕೊಳ್ಳದ ತಳಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳ ನಡುವೆ 2,000 ಮೆಗಾವಾಟಿನ ಪಂಪ್ಡ್ ಸ್ಟೋರೇಜ್ ಯೋಜನೆಯನ್ನೂ ಮುಂದಿಟ್ಟಿತು. ಬಹುಪಾಲು ಕಾಮಗಾರಿ ನೆಲದಡಿಯಲ್ಲಿ ಎಂಬುದು ಸಮರ್ಥಕರ ಉತ್ತರ. ಸಿಂಗಳೀಕ ನೆಲಕ್ಕಿಳಿಯಲು ಹಿಂಜರಿಯುವ ಪ್ರಾಣಿ. ಮೇಲಾವರಣದಲ್ಲಿ ಕೊಂಬೆಗೆ ಕೊಂಬೆ ತಾಗಿಕೊಂಡಿರುವುದೇ ಅದರ ದಾರಿ. ಹಾರೆ ಗುದ್ದಲಿ, ಲಾರಿ, ರಸ್ತೆ, ವಿದ್ಯುತ್ ತಂತಿಗಳು ಆ ದಾರಿಯನ್ನು ಅಲ್ಲಲ್ಲಿ ಕತ್ತರಿಸಿದರೆ ಸಾಕು, ಕಾಡು ಒಂದಿದ್ದದ್ದು ಎರಡಾಗುತ್ತದೆ. ಕಡಿದ ಮರಗಳ ಸಂಖ್ಯೆಯನ್ನು ಹತ್ತರಿಂದ ಗುಣಿಸಿ ಬೇರೆ ತಾಲ್ಲೂಕಿನಲ್ಲಿ ನೆಟ್ಟ ಮಾತ್ರಕ್ಕೆ ಆ ಕತ್ತರಿಸಿದ ದಾರಿ ಕೂಡಿಕೊಳ್ಳುವುದಿಲ್ಲ. ವಿದ್ಯುತ್ತು ಬೇಡವೆ ಎಂದು ಕೇಳುವವರಿದ್ದಾರೆ. ಬೇಕು. ಬೆಲೆಯನ್ನು ಬೆಲೆ ಎಂದೇ ಹೇಳಿ ಎಂಬುದಷ್ಟೇ ನಮ್ಮ ಕೋರಿಕೆ. ಮರಳಿ ಬಾರದ್ದನ್ನು ಕೊಟ್ಟು ಪಡೆಯುತ್ತಿದ್ದೇವೆ ಎಂದು ಹೇಳಿದರೆ ಜನ ವಿವೇಚಿಸಬಲ್ಲರು. ಕೊಟ್ಟದ್ದೆಲ್ಲ ಹತ್ತುಪಟ್ಟು ಮರಳುತ್ತದೆ ಎಂದು ನಂಬಿಸಿದರೆ ವಿವೇಚನೆಗೆ ಎಡೆಯೆಲ್ಲಿ?

ಈಚಿನ ವರ್ಷಗಳಲ್ಲಿ ಬೀಜದುಂಡೆಗಳ ಉತ್ಸಾಹವೂ ಹಬ್ಬಿದೆ. ಮಣ್ಣು ಸಗಣಿಯಲ್ಲಿ ಬೀಜ ಕಟ್ಟಿ ಶಾಲೆಯ ಮಕ್ಕಳಿಂದ ಎಸೆಯಿಸುತ್ತಾರೆ, ಡ್ರೋನಿನಿಂದ ಉದುರಿಸುತ್ತಾರೆ. ಮಕ್ಕಳ ಕೈಗೆ ಮಣ್ಣು ಮೆತ್ತುವುದು ಒಳ್ಳೆಯದೇ. ಆದರೆ ಮಳೆಕಾಡಿನ ಬಹಳಷ್ಟು ಮರಗಳ ಬೀಜ ರಾಗಿ ಜೋಳದಂತೆ ಒಣಗಿಸಿ ಇಡುವಂಥದ್ದಲ್ಲ. ರಾಮಪತ್ರೆಯ ಬೀಜ ಒಣಗಿದರೆ ಸತ್ತಂತೆ. ಉತ್ತರ ಕನ್ನಡದ ಜಡ್ಡಿಗಳಲ್ಲಿ ಅದಕ್ಕೆ ಬೇಕಾದ ತೇವ, ನೆರಳು ಇರುವ ಕಡೆಗೆ ಹಸಿಯಾಗಿಯೇ ತಲುಪಬೇಕು. ಆ ಕೆಲಸವನ್ನು ಯಾವ ಗೌರವಧನವೂ ಇಲ್ಲದೆ ಮಾಡುವವರು ಮರದ ಮೇಲೆಯೇ ಇದ್ದಾರೆ. ಅವರ ಪೊಟರೆಯ ಮರವನ್ನು ಕಡಿದು ಅವರ ಕೆಲಸಕ್ಕೆ ಡ್ರೋನನ್ನು ನೇಮಿಸುವುದಕ್ಕೆ ಅಭಿವೃದ್ಧಿ ಎಂಬ ಹೆಸರು ಒಪ್ಪುವುದಿಲ್ಲ.

ಸಾಹಿತ್ಯದ ವೇದಿಕೆಯಲ್ಲಿ ಇದನ್ನೆಲ್ಲ ಬರೆಯುವುದಕ್ಕೆ ಕಾರಣವಿದೆ. ನಮ್ಮ ಕಾವ್ಯಪರಂಪರೆ ಹೂವಿನ ಮಧ್ಯಸ್ಥನಾದ ದುಂಬಿಯನ್ನು ಸಾವಿರ ವರ್ಷ ಹಾಡಿತು. ಹಣ್ಣಿನ ಮಧ್ಯಸ್ಥನನ್ನು ಹಾಡಲಿಲ್ಲ. ಹಣ್ಣಿನ ಮರದ ಮೇಲೆ ಕವಿಗಳು ಕೂರಿಸಿದ್ದು ಗಿಳಿಯನ್ನು. ಗಿಳಿಯೋ ಹೆಚ್ಚಾಗಿ ಬೀಜವನ್ನೇ ಒಡೆದು ತಿಂದು ಮುಗಿಸುವ ಪ್ರಾಣಿ. ಬಿತ್ತುವ ಬಾವಲಿಗೆ ಅಪಶಕುನದ ಪಟ್ಟ, ಮಂಗಕ್ಕೆ ಮಾಣಿಕ್ಯದ ಬೆಲೆ ತಿಳಿಯದ ಮೂರ್ಖನ ಪಟ್ಟ. ಈ ಅಲಕ್ಷ್ಯ ಭಾಷೆಯಿಂದ ಕಾನೂನಿಗೂ ಇಳಿದಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಹಣ್ಣುಬಾವಲಿಗಳನ್ನು ಕಾಗೆ, ಇಲಿ, ಹೆಗ್ಗಣಗಳ ಜತೆ ಐದನೆಯ ಅನುಸೂಚಿಯಲ್ಲಿ ಪೀಡೆಗಳೆಂದು ಪಟ್ಟಿಮಾಡಿತ್ತು. ಅಪರೂಪದ ಸಲೀಂ ಅಲಿ ಬಾವಲಿಗೆ ಮಾತ್ರ ಮುಂದೆ ರಕ್ಷಣೆ ದೊರೆಯಿತು. ಆ ಅನುಸೂಚಿಯನ್ನು ತೆಗೆದುಹಾಕಲು 2022ರ ತಿದ್ದುಪಡಿಯೇ ಬರಬೇಕಾಯಿತು. ಅರ್ಧ ಶತಮಾನ ಕಾಲ, ಕಾಡು ಬಿತ್ತುವವನು ಕಾಡಿನ ಕಾನೂನಿನಲ್ಲಿಯೇ ಪೀಡೆಯಾಗಿದ್ದ. ನಿಪಾ ವೈರಾಣುವಿನ ಸಹಜ ನೆಲೆ ಹಣ್ಣುಬಾವಲಿ ಎಂಬುದು ನಿಜ. ಕಚ್ಚಿದ ಹಣ್ಣು ತಿನ್ನದಿರುವುದು, ಅವುಗಳ ಬೀಡನ್ನು ಕೆಣಕದಿರುವುದು ಅದಕ್ಕೆ ವಿವೇಕದ ಉತ್ತರ. ಬೀಡಿರುವ ಮರವನ್ನೇ ಕಡಿಯುವುದು ಗಾಬರಿಯ ಉತ್ತರ.

ರಾಜ್ಯೋತ್ಸವದ ವೇದಿಕೆಗಳಲ್ಲಿ ನಾವು ಹೊರನಾಡ ಕನ್ನಡಿಗರು ಎದೆಯುಬ್ಬಿಸಿ ಹೇಳುವ ಗಂಧದ ನಾಡೆಂಬ ಬಿರುದನ್ನೇ ನೋಡಿ. ಶ್ರೀಗಂಧದ ಕಪ್ಪು ನೇರಳೆ ಬಣ್ಣದ ಪುಟ್ಟ ಹಣ್ಣನ್ನು ಪಿಕಳಾರ, ಕೋಗಿಲೆ, ಗೊರವಂಕಗಳು ತಿಂದು ಬೇಲಿಸಾಲುಗಳಲ್ಲಿ, ಪೊದೆಗಳ ನಡುವೆ ಬಿತ್ತಿದವು. ಪಕ್ಕದ ಗಿಡದ ಬೇರಿನಿಂದ ಆಹಾರ ಹೀರಿಯೇ ಬೆಳೆಯಬೇಕಾದ ಆ ಸಸಿಗೆ ಪೊದೆಯ ನಡುವೆ ಬೀಳುವುದೇ ಅದೃಷ್ಟ. ಮೈಸೂರು ಸೀಮೆಯ ದೊರೆಗಳು ಗಂಧವನ್ನು ರಾಜವೃಕ್ಷವೆಂದು ಸ್ವಾಮ್ಯ ಸ್ಥಾಪಿಸಿಕೊಂಡರು, ರೈತನ ಹೊಲದಲ್ಲಿದ್ದರೂ ಅದು ಸರ್ಕಾರದ್ದಾಗಿತ್ತು. 2001ರಲ್ಲಷ್ಟೇ ಕಾನೂನು ಸಡಿಲವಾಯಿತು. ಯಾರು ಒಡೆಯರೆಂಬುದರ ಬಗ್ಗೆ ಇಷ್ಟು ಶತಮಾನ ತಲೆಕೆಡಿಸಿಕೊಂಡ ನಾಡು ಯಾರು ಬಿತ್ತಿದರೆಂದು ಕೇಳಲಿಲ್ಲ. ಗಂಧದ ಹಾರ ಹಾಕಿಸಿಕೊಳ್ಳುವ ಕೊರಳುಗಳು ನಾಡಿನಲ್ಲಿ ಬಹಳ ಇವೆ. ಪಿಕಳಾರಕ್ಕೆ ಪೊದೆ ಉಳಿಸುವ ಕೈಗಳು ಕಡಿಮೆ.

ಇಲ್ಲಿ ಮಲೆನಾಡಿನ ರೈತನ ಮಾತನ್ನು ಆಡದಿದ್ದರೆ ಅನ್ಯಾಯವಾದೀತು. ಮಂಗನ ಕಾಟ ಅವನಿಗೆ ಉಪಮೆಯಲ್ಲ. ಬಾಳೆ, ತೆಂಗು, ಏಲಕ್ಕಿ, ಅಡಕೆಯ ಎಳೆಕಾಯಿ ಕಣ್ಣೆದುರೇ ಹಾಳಾಗುವಾಗ ಬೀಜಪ್ರಸಾರದ ಮಹಿಮೆ ಕೇಳುವ ಸಹನೆ ಯಾರಿಗಿರುತ್ತದೆ? ಆದರೆ ಈ ಕಲಹದ ಹಿನ್ನೆಲೆಯನ್ನು ನೆನೆಯಬೇಕು. ಕಳೆದ ಶತಮಾನದ ಕೊನೆಯ ದಶಕಗಳಲ್ಲಿ ಕಾಗದದ ಕಾರ್ಖಾನೆಯ ಅಗತ್ಯಕ್ಕೆಂದು, ‘ಅರಣ್ಯೀಕರಣ’ಕ್ಕೆಂದು ಮಲೆನಾಡಿನ ಗುಡ್ಡಗಳಲ್ಲಿ ಅಕೇಶಿಯಾ, ನೀಲಗಿರಿಗಳು ಬಂದವು. ನೇರಳೆ, ಹೆಬ್ಬಲಸು, ಅತ್ತಿ, ಮುರುಗಲು ಇದ್ದ ಕಡೆ ಮಂಗನಿಗಾಗಲಿ ಮಂಗಟ್ಟೆಗಾಗಲಿ ಹೊಟ್ಟೆ ತುಂಬಿಸದ ಸಾಲುಮರಗಳು ನಿಂತವು. ಕಾಡಿನಲ್ಲಿ ಊಟ ತಪ್ಪಿಸಿ ತೋಟಕ್ಕೆ ಬಂದಾಗ ಕಳ್ಳ ಎಂದು ಕೂಗುವುದು ಒಂದು ವಿಚಿತ್ರ ನ್ಯಾಯ. ಆ ನ್ಯಾಯದಲ್ಲಿ ಸೋಲುವವರು ಇಬ್ಬರು, ಮಂಗ ಮತ್ತು ರೈತ. ಹಣ್ಣು ತಿಂದವನು ನುಣುಚಿಕೊಂಡ, ಸಿಪ್ಪೆ ತಿಂದವನು ಸಿಕ್ಕಿಹಾಕಿಕೊಂಡ ಎಂಬ ಗಾದೆಯನ್ನು ನಮ್ಮ ಹಿರಿಯರು ಇಂಥ ಸಂದರ್ಭಕ್ಕೇ ಕಟ್ಟಿರಬೇಕು. ಗುಡ್ಡದ ಲಾಭ ಉಂಡವರು ಯಾವ ತೋಟದ ಬೇಲಿಯ ಬಳಿಯೂ ಸಿಗುವುದಿಲ್ಲ. ಬೆಳೆನಷ್ಟಕ್ಕೆ ಬೇಗ, ಪೂರ್ತಿಯಾಗಿ ಪರಿಹಾರ ಕೊಡುವುದು ದಾನವಲ್ಲ. ಕಾಡು ಬಿತ್ತುವವರನ್ನು ಸಾಕುತ್ತಿರುವವನಿಗೆ ದೇಶ ಕೊಡಬೇಕಾದ ಬಾಕಿ.

ಇನ್ನೊಂದು ಆಕ್ಷೇಪವೂ ಇದೆ: ಲಂಟಾನವನ್ನು ಹಬ್ಬಿಸಿದ್ದೂ ಹಕ್ಕಿಗಳೇ ಅಲ್ಲವೆ? ಹೌದು. ಅಮೆರಿಕ ಖಂಡದಿಂದ ಅಲಂಕಾರಕ್ಕೆಂದು ತಂದ ಲಂಟಾನದ ಕಪ್ಪು ಹಣ್ಣುಗಳನ್ನು ತಿಂದು ಬಂಡೀಪುರ, ಬಿಳಿಗಿರಿರಂಗನ ಬೆಟ್ಟಗಳ ಒಳಗೂ ಹರಡಿದವು. ಬಿತ್ತುವವನಿಗೆ ಸ್ವದೇಶಿ ವಿದೇಶಿ ಎಂಬ ಭೇದವಿಲ್ಲ. ನಾವು ಏನನ್ನು ಬೆಳೆಸಿ ಕೊಡುತ್ತೇವೆಯೋ ಅದನ್ನು ಅವನು ಬಿತ್ತುತ್ತಾನೆ. ಇದು ನಮ್ಮ ವಾದವನ್ನು ಬಲಪಡಿಸುತ್ತದೆಯೇ ಹೊರತು ಅಲುಗಿಸುವುದಿಲ್ಲ. ಏನನ್ನು ನೆಡುತ್ತೇವೆ ಎಂಬುದು ಎಷ್ಟನ್ನು ನೆಡುತ್ತೇವೆ ಎಂಬುದಕ್ಕಿಂತ ಮುಖ್ಯ.

ಹಾಗೆಂದು ನೆಡುವುದೇ ಬೇಡವೆಂದು ನಾವು ಹೇಳುತ್ತಿಲ್ಲ. ಹುಲಿಕಲ್ ಕುದೂರಿನ ದಾರಿಯಲ್ಲಿ ಸಾಲುಮರದ ತಿಮ್ಮಕ್ಕನವರು ಬೆಳೆಸಿದ 385 ಮರಗಳು ಆಲದವು. ಆಲದ ಕುಲದ ಮರಗಳು ಎಲ್ಲವೂ ಒಂದೇ ಕಾಲಕ್ಕೆ ಹಣ್ಣಾಗದೆ ವರ್ಷವಿಡೀ ಎಲ್ಲಿಯಾದರೊಂದು ಕಡೆ ಫಲ ಬಿಟ್ಟಿರುತ್ತವೆ, ಬೇರೆ ಹಣ್ಣಿಲ್ಲದ ತಿಂಗಳಲ್ಲಿ ಕಾಡಿನ ಅನ್ನಛತ್ರವಾಗುತ್ತವೆ. ಸಂಖ್ಯೆಗಾಗಿ ನೆಟ್ಟ ಸಾವಿರ ಗ್ಲಿರಿಸಿಡಿಯಾಕ್ಕಿಂತ ಒಂದು ಆಲ ಹೆಚ್ಚು ಹಕ್ಕಿಗಳನ್ನು ಕರೆಯುತ್ತದೆ ಎಂಬುದನ್ನು ಪುಣೆಯ ಗುಡ್ಡಗಳ ಮೇಲೆ ಮುಂಜಾನೆ ನಡೆದಾಡುವ ನಮ್ಮ ಗೆಳೆಯರು ಸ್ವತಃ ನೋಡಬಹುದು. ತಮಿಳುನಾಡಿನ ವಾಲ್ಪಾರೈಯಲ್ಲಿ ಚಹಾತೋಟಗಳ ನಡುವೆ ಉಳಿದ ಮಳೆಕಾಡಿನ ತುಣುಕುಗಳಲ್ಲಿ ವಿಜ್ಞಾನಿಗಳು ಎರಡು ದಶಕಗಳಿಂದ ಸ್ಥಳೀಯ ಜಾತಿಯ ಹತ್ತಾರು ಬಗೆಯ ಸಸಿಗಳನ್ನು ನೆಟ್ಟು ಕಾಡನ್ನು ಮರಳಿಸುತ್ತಿದ್ದಾರೆ. ಅಲ್ಲಿ ಮಂಗಟ್ಟೆಯೂ ಸಿಂಗಳೀಕವೂ ಇನ್ನೂ ಇವೆ. ಮನುಷ್ಯ ಆರಂಭಿಸಿದ್ದನ್ನು ಮುಂದುವರಿಸುವವರು ಇದ್ದಾರೆ. ಅರುಣಾಚಲದ ಪಕ್ಕೆಯಲ್ಲಿ, ಹಿಂದೆ ಮಂಗಟ್ಟೆಯ ಕೊಕ್ಕನ್ನು ಶಿರಸ್ತ್ರಾಣಕ್ಕೆ ಧರಿಸುತ್ತಿದ್ದ ನಿಶಿ ಸಮುದಾಯದವರೇ ಗೂಡುಗಳ ಕಾವಲುಗಾರರಾಗಿದ್ದಾರೆ. ದೂರದ ನಗರಗಳ ಜನ ಒಂದೊಂದು ಗೂಡಿನ ಖರ್ಚು ವಹಿಸಿಕೊಳ್ಳುತ್ತಾರೆ. ನೆಡುವುದಕ್ಕೂ ಉಳಿಸುವುದಕ್ಕೂ ಜಗಳವಿಲ್ಲ. ಉಳಿಸದಿರುವುದಕ್ಕೆ ನೆಡುವುದನ್ನು ನೆಪ ಮಾಡುವುದರ ಮೇಲಷ್ಟೇ ನಮ್ಮ ಜಗಳ.

ಆದ್ದರಿಂದ ನಾವು ಕೇಳುವುದು ಇಷ್ಟು. ಕಾಡು ಕಡಿಯುವ ಯಾವುದೇ ಯೋಜನೆಯ ವರದಿಯಲ್ಲಿ ಮರಗಳ ಸಂಖ್ಯೆಯ ಜತೆಗೆ ಆ ಮರಗಳ ಹಣ್ಣನ್ನು ಯಾರು ತಿನ್ನುತ್ತಾರೆ, ಬೀಜವನ್ನು ಎಲ್ಲಿಗೆ ಒಯ್ಯುತ್ತಾರೆ, ಅವರ ಗೂಡು ಮತ್ತು ದಾರಿ ಎಲ್ಲಿವೆ ಎಂಬ ವಿವರ ಕಡ್ಡಾಯವಾಗಬೇಕು. ಗೂಡಿನ ಮರ, ಅತ್ತಿ ಆಲಗಳ ಮರ, ಮೇಲಾವರಣದ ಕೂಡುದಾರಿ, ಇವುಗಳಿಗೆ ಬದಲಿ ಇಲ್ಲವೆಂದು ಕಾನೂನೇ ಒಪ್ಪಬೇಕು. ಒಂದು ಬಗೆಯ ಕಾಡಿಗೆ ಇನ್ನೊಂದು ಬಗೆಯ ನೆಲವನ್ನು ಪರಿಹಾರವೆಂದು ತೋರಿಸುವುದು ನಿಲ್ಲಬೇಕು. ಸಾರ್ವಜನಿಕ ಅಹವಾಲು ಸಭೆಗಳಿಗೆ ಲಿಖಿತ ಆಕ್ಷೇಪ ಕಳುಹಿಸಲು ಅವಕಾಶವಿರುತ್ತದೆ. ಊರು ಬಿಟ್ಟು ಬಂದವರಿಗೂ ಊರಿನ ಕಾನಿನ ಮೇಲೆ ಮಾತಾಡುವ ಹಕ್ಕಿದೆ. ನಮ್ಮ ಕನ್ನಡ ಸಂಘಗಳು ವನಮಹೋತ್ಸವ ಆಚರಿಸುವುದಾದರೆ ಆಲ, ಅತ್ತಿ, ಬಸರಿ, ನೇರಳೆ ನೆಡಲಿ. ಫೋಟೋ ತೆಗೆದ ಮೇಲೆ ಮೂರು ವರ್ಷ ನೀರೆರೆಯುವವರ ಹೆಸರನ್ನೂ ಬರೆದಿಡಲಿ. ವಸತಿಸಮುಚ್ಚಯದ ಮರದಲ್ಲಿ ಬಾವಲಿ ಬೀಡುಬಿಟ್ಟಿದೆ ಎಂದು ದೂರು ಬಂದಾಗ ಮರದ ಪರವಾಗಿ, ಬಾವಲಿಯ ಪರವಾಗಿ ಮಾತಾಡುವ ಒಬ್ಬ ಕನ್ನಡಿಗನಾದರೂ ಸಭೆಯಲ್ಲಿ ಇರಲಿ.

ಇನ್ನು ಮುಂದೆ ‘ಒಂದಕ್ಕೆ ಹತ್ತು’ ಎಂಬ ಮಾತು ಯಾವ ವೇದಿಕೆಯಿಂದ ಕೇಳಿಬಂದರೂ, ಓದುಗರೇ, ತಲೆದೂಗುವ ಮುನ್ನ ಒಂದು ಪ್ರಶ್ನೆ ಕೇಳಿ: ಆ ಹತ್ತು ಹಣ್ಣಾದಾಗ ತಿನ್ನಲು ಯಾರಿರುತ್ತಾರೆ? ಉತ್ತರ ಬರುವವರೆಗೆ ಕೊಡಲಿಯನ್ನು ಕೆಳಗಿಡಲಿ.